ಅಧಿಸೂಚನೆ

ಕಾಯಿದೆಯೊಂದು ನೀಡಿದ ಅಧಿಕಾರವನ್ನು ಬಳಸಿ ಸರ್ಕಾರ ಅಥವಾ ಅಧಿಕೃತ ಅಧಿಕಾರಿ ಹೊರಡಿಸುವ, ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ ಅಚ್ಚಾಗುವ ಪ್ರಕಟಣೆ. ಆಡುಮಾತಿನಲ್ಲಿ ನೋಟಿಫಿಕೇಷನ್. ಶಾಸನಸಭೆ ಕಾಯಿದೆ ಮಾಡುತ್ತದೆ. ಅದು ಯಾವ ದಿನದಿಂದ, ಯಾವ ಎಲ್ಲೆಯೊಳಗೆ ಜಾರಿ ಎಂಬುದನ್ನು ಅನೇಕ ವೇಳೆ ಅಧಿಸೂಚನೆ ಹೇಳುತ್ತದೆ. ಇಲಾಖೆಯ ಒಳಗಿನ ಸೂಚನೆಯಾದ ಸುತ್ತೋಲೆಗಿಂತಲೂ ರಾಜ್ಯಪಾಲರು ಹೊರಡಿಸುವ ಸುಗ್ರೀವಾಜ್ಞೆಗಿಂತಲೂ ಇದು ಭಿನ್ನ.

ಹಿನ್ನೆಲೆ: ಅರಸರ ಕಾಲದಲ್ಲಿ ಅಪ್ಪಣೆಗಳು ನಿರೂಪಗಳ ರೂಪದಲ್ಲಿ ಹೊರಡುತ್ತಿದ್ದವು, ಹಳ್ಳಿಗಳಲ್ಲಿ ತಮಟೆ ಬಡಿದು ಸಾರಲಾಗುತ್ತಿತ್ತು. ಅಚ್ಚಿನ ರಾಜ್ಯಪತ್ರ ಬಂದ ಮೇಲೂ ಜನರಿಗೆ ತಿಳಿಸಬೇಕೆಂಬ ತತ್ವ ಉಳಿಯಿತು. ಪ್ರಕಟಿಸದ ಕಾನೂನಿನಡಿ ಯಾರನ್ನೂ ಶಿಕ್ಷಿಸಲಾಗದೆಂದು ಸುಪ್ರೀಂ ಕೋರ್ಟ್ 1951ರ ಹರ್ಲಾ ಪ್ರಕರಣದಲ್ಲಿ ಹೇಳಿತು.

ಚಾಮರಾಜನಗರ ಜಿಲ್ಲೆಯಲ್ಲಿ: ಈ ಸೀಮೆಯ ನಕ್ಷೆಯ ಹಲವು ಗೆರೆಗಳು ಅಧಿಸೂಚನೆಗಳಿಂದಲೇ ಮೂಡಿದವು. ಗುಂಡ್ಲುಪೇಟೆ ಸುತ್ತಲಿನ ಕಾಡನ್ನು ಮೈಸೂರು ಸಂಸ್ಥಾನ 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಗಿ ಘೋಷಿಸಿತು. ಅದರ ಬಹುಭಾಗವೇ ಇಂದಿನ ಬಂಡೀಪುರ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳು ಬೇರೆಯಾಗಿ ಹೊಸ ಜಿಲ್ಲೆಯಾದವು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹಾಗೆಂದು ಅಲ್ಲಿನ ಸೋಲಿಗರ ಹಕ್ಕು ಅಳಿಯಲಿಲ್ಲ: ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯಿದೆಯಡಿ ಅವರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು.

ರಾತ್ರಿ ಸಂಚಾರ ನಿಷೇಧ: ಗುಂಡ್ಲುಪೇಟೆಯಿಂದ ಊಟಿ ಮತ್ತು ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಹೆದ್ದಾರಿಗಳು ಬಂಡೀಪುರವನ್ನು ಹಾಯುತ್ತವೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರ ಜೂನ್‌ನಲ್ಲಿ ಜಿಲ್ಲಾಧಿಕಾರಿ ಮೋಟಾರು ವಾಹನ ಕಾಯಿದೆಯಡಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಒಂದೇ ವಾರದಲ್ಲಿ ಆದೇಶ ವಾಪಸಾಯಿತು. ವಿವಾದ ಹೈಕೋರ್ಟ್ ಮೆಟ್ಟಿಲೇರಿ, 2010ರ ಮಾರ್ಚ್‌ನಲ್ಲಿ ನಿಷೇಧವೇ ಊರ್ಜಿತವಾಯಿತು.

ಹಿಂತೆಗೆತ: ಕರ್ನಾಟಕದಲ್ಲಿ ಮನೆಮಾತಾಗಿರುವ ‘ಡಿನೋಟಿಫಿಕೇಷನ್’ ಇದೇ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 21ನೇ ಪ್ರಕರಣದಂತೆ, ಹೊರಡಿಸುವ ಅಧಿಕಾರದಲ್ಲಿ ತಿದ್ದುವ, ರದ್ದುಮಾಡುವ ಅಧಿಕಾರವೂ ಅಡಕ. ಆದರೆ ಹೊರಡಿಸಿದ ಕ್ರಮದಲ್ಲೇ ಹಿಂಪಡೆಯಬೇಕು. ಹಿಂತೆಗೆತವೂ ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲ.