ಅಂತರಿಕ್ಷ ನಿವಾಸದಲ್ಲಿ ಕೃತಕ ಗುರುತ್ವ

ಕೃತಕ ಗುರುತ್ವವೆಂಬುದು, ಭಾರರಹಿತ ಸ್ಥಿತಿಯಲ್ಲಿ ವಾಸಮಾಡಬೇಕಾದ ಮನುಷ್ಯರಿಗೆ, ಅವರ ನಿವಾಸವನ್ನೇ ಒಂದು ಅಕ್ಷದ ಸುತ್ತ ತಿರುಗಿಸಿ ತೂಕದ ಅನುಭವವನ್ನು ಒದಗಿಸಿಕೊಡುವ ಉಪಾಯ. ನೌಕೆಯ ವೇಗವನ್ನು ಎಡೆಬಿಡದೆ ಹೆಚ್ಚಿಸುತ್ತ ಹೋಗುವುದರಿಂದಲೂ ಇದೇ ಅನುಭವವನ್ನು ಪಡೆಯಬಹುದು. ಆದರೆ ಅದಕ್ಕೆ ಬೇಕಾಗುವ ಇಂಧನ ಅಪಾರವಾದುದರಿಂದ ಈ ವಿಷಯದ ಇತಿಹಾಸ ಬಹುಮಟ್ಟಿಗೆ ಪರಿಭ್ರಮಣದ ಇತಿಹಾಸವೇ ಆಗಿದೆ. ಇಲ್ಲಿನ ತತ್ತ್ವ ಸರಳವಾದದ್ದು, ಬಹು ಹಿಂದೆಯೇ ತಿಳಿದದ್ದು. ಆ ತತ್ತ್ವಕ್ಕೆ ಮನುಷ್ಯನ ದೇಹ ಎಷ್ಟರಮಟ್ಟಿಗೆ ಒಗ್ಗಿಕೊಂಡೀತೆಂಬುದೇ ನಿಜವಾದ ಸಮಸ್ಯೆ; ಅದು ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ.

ತತ್ತ್ವ

ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣವನ್ನು ಗುರುತ್ವಾಕರ್ಷಣೆ ಮುಟ್ಟುವುದಿಲ್ಲವೆಂಬ ಭಾವನೆ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ. ಅಲ್ಲಿಯೂ ಭೂತಲದ ಆಕರ್ಷಣೆಯ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇದೆ. ನಿಲ್ದಾಣವೂ ಅದರೊಳಗಿನವರೂ ಒಂದೇ ಸಮನಾಗಿ ಭೂಮಿಯ ಸುತ್ತ ಬೀಳುತ್ತಿರುವುದರಿಂದ, ನೆಲವು ಪಾದವನ್ನು ಮೇಲಕ್ಕೆ ಒತ್ತುವ ಪ್ರಸಂಗವೇ ಒದಗದೆ ತೂಕ ಇಲ್ಲವಾಗುತ್ತದೆ. ಆ ಒತ್ತನ್ನು ಮರಳಿ ಕೊಡುವುದೇ ಪರಿಭ್ರಮಣದ ಕೆಲಸ. ತೆನೆ ಕಟ್ಟಿದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿಯನ್ನು ಓಡಿಸುವವನು ಕವಣೆಯನ್ನು ಬೀಸುವಾಗ, ಅದರ ಮಡಿಲಿನಲ್ಲಿರುವ ಕಲ್ಲು ನೇರವಾಗಿ ಹಾರಿಹೋಗಲೆಳಸುತ್ತದೆ. ಮಡಿಲು ಅದನ್ನು ತಡೆದು ಒಳಮುಖವಾಗಿ ಒತ್ತುತ್ತದೆ. ಕಲ್ಲಿಗೆ ಅರಿವಿದ್ದಿದ್ದರೆ ಮಡಿಲನ್ನೇ ನೆಲವೆಂದೂ ಬೀಸುವವನ ಕೈಯಿರುವ ದಿಕ್ಕನ್ನೇ ಮೇಲೆಂದೂ ಅದು ಬಗೆಯುತ್ತಿತ್ತು. ತಿರುಗುವ ಚಕ್ರದ ಒಳಗೋಡೆಯ ಮೇಲೆ ನಿಂತ ಮನುಷ್ಯನ ಸ್ಥಿತಿಯೂ ಇದೇ.

ಹೀಗೆ ದೊರೆಯುವ ತೂಕ ಚಕ್ರದ ತ್ರಿಜ್ಯಕ್ಕೆ ಅನುಪಾತವಾಗಿಯೂ ಪರಿಭ್ರಮಣ ವೇಗದ ವರ್ಗಕ್ಕೆ ಅನುಪಾತವಾಗಿಯೂ ಇರುತ್ತದೆ. ನಿಮಿಷಕ್ಕೊಂದು ಸುತ್ತು ತಿರುಗುವ ಚಕ್ರದಲ್ಲಿ ಭೂಮಿಯ ಮೇಲಿನಷ್ಟೇ ತೂಕ ಬರಬೇಕಾದರೆ ಅದರ ತ್ರಿಜ್ಯ ಸುಮಾರು 895 ಮೀಟರ್ ಆಗಿರಬೇಕು. ಎರಡು ಸುತ್ತಾದರೆ 224 ಮೀಟರ್, ನಾಲ್ಕು ಸುತ್ತಾದರೆ 56 ಮೀಟರ್ ಸಾಕು. ಚಕ್ರ ಕಿರಿದಾದಷ್ಟೂ ವೇಗವಾಗಿ ತಿರುಗಬೇಕು, ವೇಗ ಹೆಚ್ಚಿದಷ್ಟೂ ದೇಹಕ್ಕೆ ಕ್ಲೇಶ. ಚಕ್ರ ಹಿರಿದಾದಷ್ಟೂ ದೇಹಕ್ಕೆ ಸುಖ, ಕಟ್ಟುವವರಿಗೆ ಕಷ್ಟ. ಮುಂದಿನ ಪ್ರಯತ್ನಗಳೆಲ್ಲವೂ ಈ ಎರಡರ ನಡುವೆ ಹದವನ್ನು ಅರಸಿದವುಗಳೇ.

ಆದ್ಯ ಕಲ್ಪನೆಗಳು

ಬಾಲ್ಯದಲ್ಲಿಯೇ ಶ್ರವಣಶಕ್ತಿಯನ್ನು ಬಹುಪಾಲು ಕಳೆದುಕೊಂಡು, ರಷ್ಯದ ಕಲೂಗ ಎಂಬ ಊರಿನಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದ ಕಾನ್‌ಸ್ಟಾಂಟಿನ್ ಸಿಯೋಲ್ಕೊವ್‌ಸ್ಕಿ (1857-1935), ಮನುಷ್ಯನು ಇನ್ನೂ ವಿಮಾನವನ್ನೇರಲು ಕಲಿಯುತ್ತಿದ್ದ 1903ರ ಸುಮಾರಿಗೇ, ಅಂತರಿಕ್ಷದಲ್ಲಿ ಪರಿಭ್ರಮಣದಿಂದ ತೂಕವನ್ನು ಪಡೆಯಬಹುದೆಂದು ಬರೆದಿದ್ದನು. ಆ ಸೂಚನೆಗೆ ಯಂತ್ರಶಿಲ್ಪಿಯ ರೇಖಾಚಿತ್ರಗಳ ಖಚಿತತೆಯನ್ನು ತಂದುಕೊಟ್ಟವನು ಆಸ್ಟ್ರಿಯ-ಹಂಗೆರಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದು ನಿವೃತ್ತನಾದ ಸ್ಲೊವೀನ್ ಮೂಲದ ಹರ್ಮನ್ ಪೊಟೊಚ್ನಿಕ್. ನೋರ್ಡುಂಗ್ ಎಂಬ ಕಾವ್ಯನಾಮದಿಂದ ಈತ ರಚಿಸಿದ, ಅಂತರಿಕ್ಷಯಾನದ ಸಮಸ್ಯೆಯನ್ನು ಕುರಿತ ಜರ್ಮನ್ ಗ್ರಂಥ 1928ರ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ವರ್ಣಿತವಾದ ‘ವಾಸಚಕ್ರ’ದ ವ್ಯಾಸ 30 ಮೀಟರ್; ಎಂಟು ಸೆಕೆಂಡಿಗೊಂದು ಸುತ್ತು ತಿರುಗುವ ಅದರ ನೇಮಿಯಲ್ಲಿ ನಿವಾಸ, ನಡುವೆ ನಾಭಿ, ಎರಡಕ್ಕೂ ಸಂಪರ್ಕ ಕಲ್ಪಿಸುವ ಅರಗಳು. ಅಷ್ಟು ವೇಗದಲ್ಲಿ ಒಳಗಿನವರಿಗೆ ಭೂಮಿಯ ಮೇಲಿನಷ್ಟೇ ತೂಕ ಹೆಚ್ಚುಕಡಮೆ ದೊರೆಯುತ್ತಿತ್ತು. ಗ್ರಂಥ ಹೊರಬಂದ ಮರುವರ್ಷವೇ ಪೊಟೊಚ್ನಿಕ್ ತೀರಿಕೊಂಡನು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಕ್ಕೆ ಬಂದ ವೆರ್ನರ್ ಫಾನ್ ಬ್ರೌನ್ 1952ರಲ್ಲಿ ಕಾಲಿಯರ್ಸ್ ವಾರಪತ್ರಿಕೆಯಲ್ಲಿ ಇಂಥ ಚಕ್ರವೊಂದನ್ನು ವರ್ಣಿಸಿ ಅದನ್ನು ಸಾಮಾನ್ಯ ಓದುಗರ ಕಣ್ಣ ಮುಂದೆ ನಿಲ್ಲಿಸಿದನು. ಚೆಸ್ಲಿ ಬೋನ್‌ಸ್ಟೆಲ್ಲನ ವರ್ಣಚಿತ್ರಗಳು ಅದಕ್ಕೆ ಜೊತೆಯಾದುವು. 76 ಮೀಟರ್ ವ್ಯಾಸದ ಈ ಚಕ್ರ 22 ಸೆಕೆಂಡಿಗೊಂದು ಸುತ್ತು ತಿರುಗಿ ಭೂಮಿಯ ಗುರುತ್ವದ ಮೂರರಲ್ಲಿ ಒಂದು ಪಾಲನ್ನು ಕೊಡುವಂತೆ ಯೋಜಿತವಾಗಿತ್ತು. ಪೂರ್ಣ ತೂಕ ಅವಶ್ಯಕವಲ್ಲ, ಕೆಲಸ ಮಾಡಲು ಸಾಕಾಗುವಷ್ಟಿದ್ದರೆ ಸರಿಯೆಂಬ ಭಾವನೆ ಇಲ್ಲಿ ತಲೆದೋರಿದೆ. ಆದರೆ ಎಷ್ಟಿದ್ದರೆ ಸಾಕೆಂಬುದಕ್ಕೆ ಆಗ ಯಾವ ಪ್ರಮಾಣವೂ ಇರಲಿಲ್ಲ.

ದೇಹದ ಪರೀಕ್ಷೆ

ಆ ಪ್ರಮಾಣವನ್ನು ಅರಸುವ ಕೆಲಸ ಭೂಮಿಯ ಮೇಲೆಯೇ ಮೊದಲಾಯಿತು. ಅಮೆರಿಕದ ನೌಕಾಪಡೆಗೆ ಸೇರಿದ ಫ್ಲಾರಿಡದ ಪೆನ್ಸಕೋಲ ವೈದ್ಯಶಾಲೆಯಲ್ಲಿ ಆಷ್ಟನ್ ಗ್ರೇಬಿಯಲ್ ಮತ್ತು ಅವನ ಸಹೋದ್ಯೋಗಿಗಳು ನಿಧಾನವಾಗಿ ತಿರುಗುವ ಕೊಠಡಿಯೊಂದರಲ್ಲಿ ಸ್ವಯಂಸೇವಕರನ್ನು ದಿನಗಟ್ಟಲೆ ಇರಿಸಿ, ಅವರ ನಡೆ, ಊಟ, ನಿದ್ರೆಗಳನ್ನು ಗಮನಿಸಿ, 1960ರಲ್ಲಿ ತಮ್ಮ ಅವಲೋಕನಗಳನ್ನು ಪ್ರಕಟಿಸಿದರು. ನಿಮಿಷಕ್ಕೆ ಒಂದೆರಡು ಸುತ್ತುಗಳನ್ನು ಬಹುಮಂದಿ ಅಷ್ಟಾಗಿ ಲೆಕ್ಕಿಸಲಿಲ್ಲ. ಒಮ್ಮೆಗೇ ಹತ್ತು ಸುತ್ತಿಗೆ ಏರಿಸಿದಾಗ ಓಕರಿಕೆ, ಜಾಡ್ಯಗಳು ತೀವ್ರವಾದುವು. ಇದರ ಕಾರಣ ಒಳಗಿವಿಯಲ್ಲಿದೆ. ಅಲ್ಲಿನ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವ ತಲೆಯ ತಿರುವನ್ನು ಮಿದುಳಿಗೆ ತಿಳಿಸತಕ್ಕದ್ದು. ತಿರುಗುವ ಕೊಠಡಿಯಲ್ಲಿ ತಲೆಯನ್ನು ಅಡ್ಡಲಾಗಿ ಬಾಗಿಸಿದೊಡನೆ ಆ ದ್ರವ ನಿಜವಾಗಿ ಇಲ್ಲದ ಚಲನೆಯೊಂದನ್ನು ವರದಿಮಾಡುತ್ತದೆ. ಕಣ್ಣು ಒಂದನ್ನು ಹೇಳಿ ಕಿವಿ ಮತ್ತೊಂದನ್ನು ಹೇಳಿದಾಗ ದೇಹ ಕಂಗೆಡುತ್ತದೆ. ವೇಗವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿದರೆ ಮನುಷ್ಯನು ಇದಕ್ಕೂ ಹೊಂದಿಕೊಳ್ಳಬಲ್ಲನೆಂಬುದು ಮುಂದಿನ ಪ್ರಯೋಗಗಳಿಂದ ತಿಳಿದುಬಂದ ಆಶಾದಾಯಕ ಸಂಗತಿ.

ಕಿರಿಯ ಚಕ್ರಕ್ಕೆ ಬೇರೆ ದೋಷಗಳೂ ಉಂಟು. ಪೊಟೊಚ್ನಿಕನ ಚಕ್ರದಲ್ಲಿ ನಿಂತವನ ತಲೆ ಅಕ್ಷಕ್ಕೆ ಹತ್ತಿರವಿರುವುದರಿಂದ, ಪಾದದ ಮಟ್ಟದಲ್ಲಿರುವ ಗುರುತ್ವಕ್ಕಿಂತ ತಲೆಯ ಮಟ್ಟದಲ್ಲಿ ಸುಮಾರು ಎಂಟರಲ್ಲಿ ಒಂದು ಪಾಲು ಕಡಮೆಯಾಗುತ್ತದೆ. ತಿರುಗುವ ದಿಕ್ಕಿನಲ್ಲಿ ಓಡಿದರೆ ಮೈ ಭಾರವಾಗುತ್ತದೆ, ಎದುರು ದಿಕ್ಕಿನಲ್ಲಿ ಓಡಿದರೆ ಹಗುರಾಗುತ್ತದೆ. ಕೈಬಿಟ್ಟ ವಸ್ತು ನೇರ ಕೆಳಗೆ ಬೀಳದೆ ಓರೆಯಾಗಿ ಬೀಳುತ್ತದೆ.

ಅಂತರಿಕ್ಷದಲ್ಲಿ ಪ್ರಯೋಗಗಳು

ಮನುಷ್ಯರಿದ್ದ ನೌಕೆಯಲ್ಲಿ ಕೃತಕ ಗುರುತ್ವ ಕಾಣಿಸಿಕೊಂಡದ್ದು 1966ರ ಸೆಪ್ಟೆಂಬರಿನಲ್ಲಿ. ಜೆಮಿನಿ-11ರಲ್ಲಿದ್ದ ಚಾರ್ಲ್ಸ್ ಕಾನ್ರಡ್ ಮತ್ತು ರಿಚರ್ಡ್ ಗಾರ್ಡನ್ ತಮ್ಮ ನೌಕೆಯನ್ನು 30 ಮೀಟರ್ ಉದ್ದದ ಹಗ್ಗದಿಂದ ಅಜೀನ ಎಂಬ ನಿರ್ಜನ ವಾಹನಕ್ಕೆ ಬಿಗಿದು ಎರಡನ್ನೂ ಒಟ್ಟಿಗೆ ಮೆಲ್ಲನೆ ತಿರುಗಿಸಿದರು. ದೊರೆತ ಗುರುತ್ವ ಭೂಮಿಯದರ ಹತ್ತು ಸಾವಿರದಲ್ಲಿ ಒಂದೆರಡು ಪಾಲು ಮಾತ್ರವಾದುದರಿಂದ ಅವರ ಮೈಗೆ ಅದು ತಿಳಿಯಲಿಲ್ಲ. ಆದರೂ ಒಳಗೆ ಕೈಬಿಟ್ಟ ವಸ್ತು ತಾನಾಗಿಯೇ ನೌಕೆಯ ಹಿಂಬದಿಗೆ ಸರಿದು, ಅಲ್ಲೊಂದು ‘ಕೆಳಗೆ’ ಹುಟ್ಟಿಕೊಂಡಿದೆಯೆಂಬುದನ್ನು ತೋರಿಸಿತು. 1973ರಲ್ಲಿ ಸ್ಕೈಲ್ಯಾಬ್ ನಿಲ್ದಾಣದ ಗಗನಯಾತ್ರಿಗಳು ಅಲ್ಲಿನ ವರ್ತುಲಾಕಾರದ ಒಳಗೋಡೆಯ ಮೇಲೆ ಸುತ್ತ ಓಡಿ, ತಮ್ಮ ಕಾಲಿನ ಬಲದಿಂದಲೇ ತಮಗೆ ಬೇಕಾದ ತೂಕವನ್ನು ಕ್ಷಣಕಾಲ ಸಂಪಾದಿಸಿಕೊಂಡರು. 1977ರಲ್ಲಿ ಸೋವಿಯತ್ ಒಕ್ಕೂಟ ಹಾರಿಸಿದ ಕಾಸ್ಮೋಸ್-936 ಉಪಗ್ರಹದಲ್ಲಿ ಇಲಿಗಳನ್ನು ಅಪಕೇಂದ್ರ ಯಂತ್ರದಲ್ಲಿಟ್ಟು ತಿರುಗಿಸಿ, ತಿರುಗದೆ ಇದ್ದ ಇಲಿಗಳೊಡನೆ ಹೋಲಿಸಿ ನೋಡಲಾಯಿತು.

ಮಹಾನಿವಾಸಗಳ ಯೋಜನೆ

ಇದೇ ಕಾಲದಲ್ಲಿ ಪ್ರಿನ್ಸ್‌ಟನ್ನಿನ ಭೌತವಿಜ್ಞಾನಿ ಜೆರಾರ್ಡ್ ಓನೀಲ್, ಚಕ್ರವನ್ನು ಕಿರಿದುಗೊಳಿಸುವ ಚಿಂತೆಯನ್ನೇ ತೊರೆದು, ಅದನ್ನು ಊರಿನಷ್ಟು ದೊಡ್ಡದಾಗಿ ಕಟ್ಟುವುದನ್ನು ಆಲೋಚಿಸಿದನು. 1974ರಲ್ಲಿ ಪ್ರಕಟವಾದ ಅವನ ಲೇಖನ ವಿದ್ವಾಂಸರ ಗಮನವನ್ನು ಸೆಳೆದ ಮೇಲೆ, 1975ರ ಬೇಸಗೆಯಲ್ಲಿ ನಾಸಾ ಸಂಸ್ಥೆಯ ಏಮ್ಸ್ ಕೇಂದ್ರ ಮತ್ತು ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿ ವಿಜ್ಞಾನಿಗಳ ತಂಡವೊಂದು ಕೂಡಿ ‘ಸ್ಟಾನ್‌ಫರ್ಡ್ ವಲಯ’ವೆಂಬ ನಿವಾಸವನ್ನು ವಿನ್ಯಾಸಗೊಳಿಸಿತು. ಸುಮಾರು 1.8 ಕಿಲೋಮೀಟರ್ ವ್ಯಾಸದ ಈ ವಲಯ ನಿಮಿಷಕ್ಕೊಂದು ಸುತ್ತು ತಿರುಗಿ 10,000 ಜನರಿಗೆ ಭೂಮಿಯ ಮೇಲಿನಷ್ಟೇ ತೂಕವನ್ನು ಕೊಡುವಂಥದು. ಇದಕ್ಕೆ ಬೇಕಾದ ದ್ರವ್ಯವನ್ನು ಬಹುಪಾಲು ಚಂದ್ರನಿಂದ ತರಬೇಕೆಂದಿತ್ತು. ಓನೀಲನ ಇನ್ನೂ ಹಿರಿಯ ಕಲ್ಪನೆಯಾದ 6.4 ಕಿಲೋಮೀಟರ್ ವ್ಯಾಸದ ಸ್ತಂಭಾಕೃತಿಯ ಲೋಕಗಳಲ್ಲಿ ಹೊಲ, ಹೊಳೆ, ಬೆಟ್ಟಗಳಿಗೂ ಸ್ಥಳವಿದ್ದಿತು. ಒಳಗಿವಿಗೆ ಇವುಗಳಲ್ಲಿ ಯಾವ ಬಾಧೆಯೂ ಇಲ್ಲ. ಕಟ್ಟುವ ಶಕ್ತಿ ಮಾತ್ರ ಮನುಷ್ಯನಿಗೆ ಇನ್ನೂ ಬಂದಿಲ್ಲ.

ಈಚಿನ ಸ್ಥಿತಿ

ನಿಲ್ದಾಣಗಳಲ್ಲಿ ತಿಂಗಳುಗಟ್ಟಲೆ ವಾಸಮಾಡುವುದು ಮೊದಲಾದ ಮೇಲೆ ಸಮಸ್ಯೆಯ ಗಾಂಭೀರ್ಯ ಸ್ಪಷ್ಟವಾಯಿತು. ತೂಕವನ್ನು ಹೊರುವ ಮೂಳೆಗಳು ತಿಂಗಳಿಗೆ ಸುಮಾರು ನೂರರಲ್ಲಿ ಒಂದು ಪಾಲಿನಂತೆ ಸವೆಯುತ್ತವೆ, ಸ್ನಾಯುಗಳು ಕ್ಷೀಣಿಸುತ್ತವೆ, ದೇಹದ ದ್ರವಗಳು ತಲೆಯ ಕಡೆಗೆ ಸರಿದು ಕೆಲವರ ದೃಷ್ಟಿಯೂ ಕೆಡುತ್ತದೆ. ದಿನಕ್ಕೆ ಎರಡು ಗಂಟೆಯಷ್ಟು ಕಾಲದ ವ್ಯಾಯಾಮ ಇದನ್ನು ತಗ್ಗಿಸುವುದೇ ಹೊರತು ಪೂರ್ತಿಯಾಗಿ ನೀಗುವುದಿಲ್ಲ. 1998ರಲ್ಲಿ ನ್ಯೂರೋಲ್ಯಾಬ್ ಯಾನದ ಸದಸ್ಯರು ಕಿರಿಯ ಅಪಕೇಂದ್ರ ಯಂತ್ರವೊಂದರಲ್ಲಿ ಕುಳಿತು ನಿಮಿಷಗಳ ಕಾಲ ಪೂರ್ಣ ಗುರುತ್ವವನ್ನು ಅನುಭವಿಸಿದರು. ಅಂತರರಾಷ್ಟ್ರೀಯ ನಿಲ್ದಾಣಕ್ಕಾಗಿ ಜಪಾನ್ ಸಿದ್ಧಪಡಿಸುತ್ತಿದ್ದ, 2.5 ಮೀಟರ್ ವ್ಯಾಸದ ಯಂತ್ರವುಳ್ಳ ಕೊಠಡಿ 2005ರಲ್ಲಿ ಕೈಬಿಡಲ್ಪಟ್ಟು, ಮೇಲೇರದೆ ತ್ಸುಕುಬದಲ್ಲಿ ನೋಡುಗರ ಪಾಲಿಗೆ ಉಳಿಯಿತು. 2016ರಲ್ಲಿ ಜಪಾನಿನ ವಿಜ್ಞಾನಿಗಳು ಅದೇ ನಿಲ್ದಾಣದ ಕಿಬೋ ಭಾಗದಲ್ಲಿ ಚಿಟ್ಟಿಲಿಗಳನ್ನು 35 ದಿನ ಸಾಕಿದಾಗ, ತೇಲುತ್ತಿದ್ದವುಗಳ ಮೂಳೆ ಸ್ನಾಯುಗಳು ಕುಂದಿದರೂ ಕೃತಕ ಗುರುತ್ವದಲ್ಲಿದ್ದವು ಅವನ್ನು ಉಳಿಸಿಕೊಂಡುವು. 2019ರಲ್ಲಿ ಜರ್ಮನಿಯ ಕಲೋನಿನಲ್ಲಿ, ಭಾರರಹಿತ ಸ್ಥಿತಿಯ ಪರಿಣಾಮಗಳನ್ನು ಅನುಕರಿಸಲೆಂದು ತಲೆಯ ಕಡೆ ತಗ್ಗಿದ ಹಾಸಿಗೆಯ ಮೇಲೆ 60 ದಿನ ಮಲಗಿದ್ದ ಸ್ವಯಂಸೇವಕರಲ್ಲಿ ಕೆಲವರನ್ನು ದಿನಕ್ಕೆ ಅರ್ಧ ಗಂಟೆ ಅಪಕೇಂದ್ರ ಯಂತ್ರದಲ್ಲಿ ತಿರುಗಿಸಿ ಪರಿಣಾಮವನ್ನು ಅಳೆಯಲಾಯಿತು.

ಚಂದ್ರನಲ್ಲಿ ಭೂಮಿಯ ಗುರುತ್ವದ ಆರರಲ್ಲಿ ಒಂದು ಪಾಲು, ಮಂಗಳದಲ್ಲಿ ಎಂಟರಲ್ಲಿ ಮೂರು ಪಾಲು ಇದೆ. ಅಷ್ಟರಿಂದ ಮೂಳೆ ಉಳಿದೀತೇ, ಅಲ್ಲಿ ಹುಟ್ಟುವ ಮಗು ನೆಟ್ಟಗೆ ಬೆಳೆದೀತೇ ಎಂಬುದಕ್ಕೆ ಉತ್ತರ ದೊರೆಯಬೇಕಾದುದು, ಶೂನ್ಯಕ್ಕೂ ಒಂದಕ್ಕೂ ನಡುವಣ ಗುರುತ್ವದ ಒಂದೊಂದು ಮೆಟ್ಟಿಲಿನಲ್ಲಿಯೂ ದೇಹವನ್ನು ದೀರ್ಘಕಾಲ ಪರೀಕ್ಷಿಸಬಲ್ಲ ತಿರುಗುವ ನಿವಾಸದಿಂದಲೇ. ಅಂಥ ನಿವಾಸ ಇನ್ನೂ ಆಗಬೇಕಾಗಿದೆ. ಸಿಯೋಲ್ಕೊವ್‌ಸ್ಕಿ ಬರೆದು ನೂರು ವರ್ಷ ಮೀರಿದರೂ, ಅಂತರಿಕ್ಷದಲ್ಲಿ ತನ್ನ ತೂಕವನ್ನು ಮರಳಿ ಪಡೆದು ನೆಲದ ಮೇಲೆ ಕಾಲೂರಿ ಒಂದು ಹಗಲನ್ನೂ ಒಂದು ರಾತ್ರಿಯನ್ನೂ ಕಳೆದ ಮನುಷ್ಯನು ಈವರೆಗೆ ಒಬ್ಬನೂ ಇಲ್ಲ.