ರೀಲ್ಸ್, ಸ್ನ್ಯಾಪ್, ಸ್ಟ್ರೀಕ್: ಯುವಜನರು ಈ ಆ್ಯಪ್‌ಗಳಿಗೆ ಅಂಟಿಕೊಳ್ಳುವುದು ಯಾಕೆ?

"ಊಟಕ್ಕೆ ಕೂತರೂ ಮೊಬೈಲು, ಮಲಗಿದರೂ ಮೊಬೈಲು." ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲಿಗೆ ಹೋದರೂ ಮನೆಗಳಲ್ಲಿ ಕೇಳಿಬರುವ ಮಾತು ಇದು. ಬೈಯುವ ಉಮ್ಮನ ಕೈಯಲ್ಲೂ ಒಂದು ಮೊಬೈಲ್ ಇರುತ್ತದೆ, ಅದು ಬೇರೆ ವಿಷಯ. ಮಕ್ಕಳು ಮೊಬೈಲ್ ಹಿಡಿಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ನೂರಾರು ಆ್ಯಪ್ ಇರುವಾಗ ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಶಾರ್ಟ್ಸ್‌ಗಳಿಗೇ ಯಾಕೆ ಅಂಟಿಕೊಳ್ಳುತ್ತಾರೆ ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರ ಇಲ್ಲ. ಕಾರಣ ಗೊತ್ತಿಲ್ಲದೆ ಬೈದರೆ ಮಕ್ಕಳು ಮೊಬೈಲ್ ಬಿಡುವುದಿಲ್ಲ, ಅಡಗಿಸಿ ನೋಡಲು ಕಲಿಯುತ್ತಾರೆ ಅಷ್ಟೆ. ಹಾಗಾಗಿ ಈ ಆ್ಯಪ್‌ಗಳ ಒಳಗೆ ಏನಿದೆ, ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಲಾಭ, ಎಲ್ಲಿ ಗುಂಡಿ ಎಂಬ ವಿವರ ಇಲ್ಲಿದೆ.

ಆರ್ಕುಟ್‌ನಿಂದ ರೀಲ್ಸ್‌ವರೆಗೆ

ಈಗ ಮೂವತ್ತು ದಾಟಿದವರಿಗೆ ಆರ್ಕುಟ್ ನೆನಪಿರಬಹುದು. 2014ರಲ್ಲಿ ಅದು ಮುಚ್ಚಿತು. ಅಷ್ಟರೊಳಗೆ ಎಲ್ಲರೂ ಫೇಸ್‌ಬುಕ್‌ಗೆ ಬಂದಾಗಿತ್ತು. 2010ರಲ್ಲಿ ಶುರುವಾದ ಇನ್‌ಸ್ಟಾಗ್ರಾಂ ಅನ್ನು 2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರ್ ಕೊಟ್ಟು ಖರೀದಿಸಿತು. 2014ರಲ್ಲಿ ವಾಟ್ಸ್‌ಆ್ಯಪ್ ಕೂಡ ಅದೇ ಕಂಪೆನಿಯ ಕೈ ಸೇರಿತು. ಇಂದು ಈ ಮೂರೂ ‘ಮೆಟಾ’ ಎಂಬ ಒಂದೇ ಕಂಪೆನಿಯವು.

ನಮ್ಮಲ್ಲಿ ದೊಡ್ಡ ಬದಲಾವಣೆ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ. ಅಲ್ಲಿಯವರೆಗೆ ಎಂಬಿ ಲೆಕ್ಕದಲ್ಲಿ ಡೇಟಾ ಖರ್ಚು ಮಾಡುತ್ತಿದ್ದವರು ದಿನಕ್ಕೆ ಜಿಬಿ ಲೆಕ್ಕದಲ್ಲಿ ವೀಡಿಯೊ ನೋಡತೊಡಗಿದರು. ಆಮೇಲೆ ಬಂದದ್ದು ಟಿಕ್‌ಟಾಕ್. 2020ರ ಜೂನ್ 29ರಂದು ಕೇಂದ್ರ ಸರಕಾರ ಟಿಕ್‌ಟಾಕ್ ಸೇರಿ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿತು. ಜಾಗ ಖಾಲಿಯಾದ ಕೂಡಲೇ, ಜುಲೈಯಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರು ಮಾಡಿತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು, ಅದೂ ಮೊದಲು ಭಾರತದಲ್ಲೇ.

ಅದೇ ಸಮಯದಲ್ಲಿ ಗಡಿಭಾಗದಲ್ಲಿ ಇನ್ನೊಂದು ಸಂಗತಿ ನಡೆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿ ಗಡಿ ಬಂದ್ ಆಯಿತು. ದಿನಾ ರೈಲು, ಬಸ್ ಹತ್ತಿ ಮಂಗಳೂರಿನ ಕಾಲೇಜಿಗೆ ಹೋಗುತ್ತಿದ್ದ ಮಕ್ಕಳು ಮನೆಯಲ್ಲೇ ಉಳಿದರು. ಜೂನ್ 1ರಿಂದ ಕೇರಳದಲ್ಲಿ ಶಾಲಾ ಮಕ್ಕಳಿಗೆ ‘ಫಸ್ಟ್ ಬೆಲ್’ ಆನ್‌ಲೈನ್ ಪಾಠ ಆರಂಭವಾಯಿತು. ಅಲ್ಲಿಯವರೆಗೆ ಮೊಬೈಲ್ ಕೊಡದ ಮನೆಯವರೂ ಪಾಠಕ್ಕೆಂದು ಕೊಡಬೇಕಾಯಿತು. ಫೋನ್ ಮಕ್ಕಳ ಕೈಗೆ ಬಂದ ತಿಂಗಳೂ, ರೀಲ್ಸ್ ಬಂದ ತಿಂಗಳೂ ಹೆಚ್ಚು ಕಡಿಮೆ ಒಂದೇ. ಕ್ಲಾಸ್ ಮುಗಿಯಿತು, ಫೋನ್ ವಾಪಸ್ ಬರಲಿಲ್ಲ.

ಸೆಳೆತಕ್ಕೆ ಕಾರಣಗಳು

ಮೊದಲನೆಯದು, ದೊಡ್ಡವರಿಲ್ಲದ ಜಾಗ. ಫೇಸ್‌ಬುಕ್‌ನಲ್ಲಿ ಈಗ ಮಾವ, ಚಿಕ್ಕಪ್ಪ, ಮೇಷ್ಟ್ರು, ಜಮಾಅತಿನ ಹಿರಿಯರು ಎಲ್ಲರೂ ಇದ್ದಾರೆ. ಒಂದು ಫೋಟೊ ಹಾಕಿದರೆ ಸಂಜೆಯೊಳಗೆ ಉಪ್ಪನಿಗೆ ದುಬೈಗೆ ಫೋನ್ ಹೋಗುತ್ತದೆ. ಹಿಂದೆ ಹುಡುಗರಿಗೆ ಅಂಗಡಿ ಜಗಲಿ, ಕ್ಲಬ್ಬು, ಆಟದ ಮೈದಾನ ಇತ್ತು. ಹುಡುಗಿಯರಿಗೆ ಅದೂ ಇರಲಿಲ್ಲ. ಗೆಳೆಯರ ಜೊತೆ ಮಾತ್ರ ಇರುವ ಒಂದು ಜಾಗ ಬೇಕೆನ್ನುವುದು ಆ ವಯಸ್ಸಿನ ಸಹಜ ಆಸೆ. ಆ ಜಾಗ ಈಗ ಆ್ಯಪ್‌ನಲ್ಲಿ ಸಿಗುತ್ತಿದೆ.

ಎರಡನೆಯದು, ಮಾಯವಾಗುವ ಸಂದೇಶ. 2011ರಲ್ಲಿ ಶುರುವಾದ ಸ್ನ್ಯಾಪ್‌ಚಾಟ್‌ನ ಮೂಲ ಐಡಿಯಾ ಇದುವೇ: ಕಳಿಸಿದ ಫೋಟೊ ನೋಡಿದ ಮೇಲೆ ಅಳಿಸಿ ಹೋಗುತ್ತದೆ. 24 ಗಂಟೆಯ ‘ಸ್ಟೋರಿ’ ಕೂಡ ಮೊದಲು ಬಂದದ್ದು ಅದರಲ್ಲೇ, 2013ರಲ್ಲಿ. 2016ರಲ್ಲಿ ಇನ್‌ಸ್ಟಾಗ್ರಾಂ, 2017ರಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ ಅದನ್ನೇ ಅನುಸರಿಸಿದವು. ಉಳಿಯುವುದಿಲ್ಲ ಎಂದಾದರೆ ಹೆದರಿಕೆಯೂ ಕಡಿಮೆ, ಚಂದ ಕಾಣಬೇಕೆಂಬ ತಲೆಬಿಸಿಯೂ ಕಡಿಮೆ. ಭಾರತದಲ್ಲಿ ತಿಂಗಳಿಗೆ 20 ಕೋಟಿಗೂ ಹೆಚ್ಚು ಬಳಕೆದಾರರಿದ್ದಾರೆ ಎಂದು 2023ರಲ್ಲೇ ಸ್ನ್ಯಾಪ್ ಕಂಪೆನಿ ಹೇಳಿತ್ತು.

ಮೂರನೆಯದು, ಹೆಸರಿಲ್ಲದವನಿಗೂ ಅವಕಾಶ. ಹಳೆಯ ಫೇಸ್‌ಬುಕ್‌ನಲ್ಲಿ ಹಾಕಿದ್ದು ಗೆಳೆಯರಿಗೆ ಮಾತ್ರ ಕಾಣುತ್ತಿತ್ತು. ರೀಲ್ಸ್ ಹಾಗಲ್ಲ. ಇನ್ನೂರು ಫಾಲೋವರ್ಸ್ ಇರುವ ಹುಡುಗನ ವೀಡಿಯೊವನ್ನೂ ಅದು ಗುರುತಿಲ್ಲದವರಿಗೆ ತೋರಿಸಿ ನೋಡುತ್ತದೆ. ಜನ ಕೊನೆವರೆಗೆ ನೋಡಿದರೆ ಇನ್ನಷ್ಟು ಜನರಿಗೆ ತೋರಿಸುತ್ತದೆ. ಇಂದು ನೂರು, ನಾಳೆ ಒಂದು ಲಕ್ಷ ಆಗಬಹುದು ಎಂಬ ಆಸೆ ಇಲ್ಲಿಂದ ಬರುತ್ತದೆ.

ನಾಲ್ಕನೆಯದು ನಮ್ಮ ಭಾಷೆಗೆ ಸಂಬಂಧಿಸಿದ್ದು. ಬ್ಯಾರಿ ಭಾಷೆ ಬರೆದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಬರೆಯುವಾಗ ಹೆಚ್ಚಿನವರು ಕನ್ನಡ ಲಿಪಿ ಬಳಸುತ್ತಾರೆ. ಗಡಿಯ ಈಚೆಯ ಮಕ್ಕಳು ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಅಥವಾ ಮಲಯಾಳಂ, ಪೇಟೆಯಲ್ಲಿ ತುಳು, ಕಾಲೇಜಿನಲ್ಲಿ ಇಂಗ್ಲಿಷ್ ಆಡುತ್ತಾರೆ. ಇಂಥವರಿಗೆ ಬರೆದು ಹಾಕುವ ಆ್ಯಪ್‌ಗಿಂತ ಮಾತಾಡಿ ಹಾಕುವ ಆ್ಯಪ್ ಹತ್ತಿರವಾಗುತ್ತದೆ. ಸ್ಪೆಲ್ಲಿಂಗಿನ ಚಿಂತೆ ಇಲ್ಲ, ವ್ಯಾಕರಣದ ಹೆದರಿಕೆ ಇಲ್ಲ. ಬ್ಯಾರಿ ತಮಾಷೆ ವೀಡಿಯೊಗಳು ಇಷ್ಟು ಓಡುವುದಕ್ಕೆ ಇದೂ ಕಾರಣ. ಟಿವಿಯಲ್ಲಿ ತಮ್ಮ ಮನೆಮಾತು ಕೇಳದವರು ಅದನ್ನು ಫೋನ್‌ನಲ್ಲಿ ಕೇಳುತ್ತಿದ್ದಾರೆ.

ಐದನೆಯದು ಗಲ್ಫ್. ಹಿಂದೆ ಕಾಗದ, ಕ್ಯಾಸೆಟ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದ ಕಾಲ ಇತ್ತು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗೆ ತಡೆ ಇದ್ದುದರಿಂದ ಇಮೋ, ಬೋಟಿಮ್ ಮನೆಮಾತಾದವು. ಉಪ್ಪ, ಅಣ್ಣ ಸ್ಕ್ರೀನ್‌ನಲ್ಲೇ ಮಾತಾಡುವ ಮನೆಯಲ್ಲಿ ಬೆಳೆದ ಮಗುವಿಗೆ ಸ್ಕ್ರೀನ್ ಮೊದಲಿನಿಂದಲೂ ಸಂಬಂಧದ ದಾರಿ. ಅದನ್ನು ಕೇವಲ ಟೈಂಪಾಸ್ ಎಂದರೆ ಅರ್ಧ ಸತ್ಯವಾಗುತ್ತದೆ.

ಯಂತ್ರದ ಒಳಗಿನ ಲೆಕ್ಕ

ಇಷ್ಟೇ ಆಗಿದ್ದರೆ ಹತ್ತು ನಿಮಿಷ ನೋಡಿ ಬಿಡಬಹುದಿತ್ತು. ಬಿಡಲಾಗದಂತೆ ಮಾಡುವ ಕೆಲವು ಏರ್ಪಾಡುಗಳನ್ನು ಕಂಪೆನಿಗಳೇ ಮಾಡಿಟ್ಟಿವೆ.

ಕೊನೆಯಿಲ್ಲದ ಪುಟ ಅದರಲ್ಲಿ ಒಂದು. ಪೇಪರ್ ಓದಿದರೆ ಕೊನೆಯ ಪುಟ ಬರುತ್ತದೆ. ರೀಲ್ಸ್‌ಗೆ ಕೊನೆಯೇ ಇಲ್ಲ. ಈ ರೀತಿಯ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಎಂಬ ತಂತ್ರಜ್ಞರೇ ಮುಂದೆ ಅದರ ಪರಿಣಾಮದ ಬಗ್ಗೆ ಬಹಿರಂಗವಾಗಿ ವಿಷಾದ ಹೇಳಿದ್ದಾರೆ.

ಎರಡನೆಯದು, ಮುಂದೇನು ಬರುತ್ತದೆಂದು ಗೊತ್ತಿಲ್ಲದ ಆಟ. ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಕಳೆದ ಶತಮಾನದಲ್ಲೇ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಒಂದು ವಿಷಯ ತೋರಿಸಿದ್ದರು. ಪ್ರತಿ ಸಲ ಕಾಳು ಸಿಕ್ಕಿದರೆ ಹಕ್ಕಿ ಹಸಿವಾದಾಗ ಮಾತ್ರ ಗುಂಡಿ ಒತ್ತುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಿದ್ದರೆ ಒತ್ತುತ್ತಲೇ ಇರುತ್ತದೆ. ನಾಲ್ಕು ಬೋರು ಹೊಡೆಸುವ ರೀಲ್, ಐದನೆಯದು ನಗಿಸುವಂಥದ್ದು. ಬೆರಳು ನಿಲ್ಲದಿರುವುದಕ್ಕೆ ಇದೇ ಕಾರಣ. ಲಾಟರಿ ಹಿಡಿದವನು ಬಿಡದಿರುವುದೂ ಹೀಗೆಯೇ.

ಮೂರನೆಯದು ಸ್ಟ್ರೀಕ್. ಇಬ್ಬರು ಗೆಳೆಯರು ಸ್ನ್ಯಾಪ್‌ಚಾಟ್‌ನಲ್ಲಿ ದಿನಾ ತಪ್ಪದೆ ಪರಸ್ಪರ ಸ್ನ್ಯಾಪ್ ಕಳಿಸಿದರೆ ಹೆಸರಿನ ಪಕ್ಕ ಬೆಂಕಿಯ ಚಿಹ್ನೆ, ಜೊತೆಗೆ ದಿನಗಳ ಸಂಖ್ಯೆ ಬರುತ್ತದೆ. ಒಂದು ದಿನ ತಪ್ಪಿದರೆ ಸೊನ್ನೆ. ನಾನೂರು ದಿನದ ಸ್ಟ್ರೀಕ್ ಇರುವ ಹುಡುಗಿಗೆ ಪರೀಕ್ಷೆಯ ದಿನವೂ, ಜ್ವರ ಬಂದ ದಿನವೂ ಗೋಡೆಯ ಫೋಟೊವಾದರೂ ಕಳಿಸಬೇಕು. ಹಾಗಾಗಿ ಗೆಳೆತನವನ್ನು ಉಳಿಸಿಕೊಳ್ಳುವ ಹೆಸರಲ್ಲಿ ದಿನಾ ಆ್ಯಪ್ ತೆರೆಯುವ ಅಭ್ಯಾಸ ಆಗುತ್ತದೆ.

ಯಾಕೆ ಇಷ್ಟೆಲ್ಲ? ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಸುಲಭ. ಗಿರಾಕಿಯಿಂದ ಒಂದು ಪೈಸೆ ತೆಗೆದುಕೊಳ್ಳದೆ ಯಾವ ಅಂಗಡಿಯೂ ನಡೆಯುವುದಿಲ್ಲ. ಮೆಟಾ ಕಂಪೆನಿಯ 2023ರ ಆದಾಯ ಸುಮಾರು 13,500 ಕೋಟಿ ಡಾಲರ್. ಅದರಲ್ಲಿ ಶೇಕಡಾ 97ಕ್ಕಿಂತ ಹೆಚ್ಚು ಜಾಹೀರಾತಿನದ್ದು. ಅಂದರೆ ಅಲ್ಲಿ ಹಣ ಕೊಡುವ ಗಿರಾಕಿ ಜಾಹೀರಾತುದಾರ, ಮಾರಾಟಕ್ಕಿಟ್ಟ ಸರಕು ನೋಡುವವನ ಸಮಯ. ಹುಡುಗ ಇನ್ನೊಂದು ಹತ್ತು ನಿಮಿಷ ನೋಡಿದರೆ ಇನ್ನೊಂದೆರಡು ಜಾಹೀರಾತು ತೋರಿಸಬಹುದು. ಗಲ್ಲಾಪೆಟ್ಟಿಗೆ ತುಂಬುವುದು ಹೀಗೆ.

ಲಾಭವೂ ಇದೆ

ಎಲ್ಲವೂ ಹಾಳು ಎನ್ನುವವರು ಒಮ್ಮೆ ಸುತ್ತ ನೋಡಬೇಕು. ತುರ್ತಿಗೆ ರಕ್ತ ಬೇಕೆಂದರೆ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಅರ್ಧ ಗಂಟೆಯೊಳಗೆ ಹುಡುಗರು ಸಿದ್ಧರಾಗುತ್ತಾರೆ. ಮನೆಯಲ್ಲೇ ಕೇಕ್ ಮಾಡುವ, ಮೆಹಂದಿ ಹಾಕುವ, ಬಟ್ಟೆ ಹೊಲಿಯುವ ಹೆಣ್ಣುಮಕ್ಕಳಿಗೆ ಬಾಡಿಗೆ ಅಂಗಡಿ ಇಲ್ಲದೆ ಗಿರಾಕಿ ಸಿಗುವುದು ಇನ್‌ಸ್ಟಾಗ್ರಾಂನಿಂದ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಬಲ್ಲವರಿಗಾಗಿ ಕರೆಯುವ ಕೇರಳ ಪಿಎಸ್‌ಸಿ ಹುದ್ದೆಗಳ ಮಾಹಿತಿ ಎಷ್ಟೋ ಮಕ್ಕಳಿಗೆ ಮೊದಲು ತಲುಪುವುದು ಇಂಥ ಗ್ರೂಪ್‌ಗಳಲ್ಲೇ.

ಗುಂಡಿ ಎಲ್ಲಿದೆ?

ಮೊದಲನೆಯದು ಹೋಲಿಕೆ. ದುಬೈಯ ಕಾರು, ಹೊಸ ಐಫೋನ್, ಅದ್ದೂರಿ ಮದುವೆ ದಿನಾ ಕಣ್ಣೆದುರು ಓಡಿದರೆ ತನ್ನ ಮನೆ, ತನ್ನ ಮೈ, ತನ್ನ ಉಪ್ಪನ ದುಡಿಮೆ ಎಲ್ಲವೂ ಸಣ್ಣದಾಗಿ ಕಾಣುತ್ತದೆ. 2021ರಲ್ಲಿ ಫ್ರಾನ್ಸಿಸ್ ಹಾಗನ್ ಎಂಬ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಹೊರಹಾಕಿದ ಕಡತಗಳಲ್ಲಿ, ದೇಹದ ಬಗ್ಗೆ ಕೀಳರಿಮೆ ಇರುವ ಮೂರರಲ್ಲಿ ಒಬ್ಬಳು ಹದಿಹರೆಯದ ಹುಡುಗಿಗೆ ಇನ್‌ಸ್ಟಾಗ್ರಾಂ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ ಎಂಬ ಕಂಪೆನಿಯ ಒಳಗಿನ ಅಧ್ಯಯನವೇ ಇತ್ತು.

ಎರಡನೆಯದು, ‘ಮಾಯವಾಗುತ್ತದೆ’ ಎಂಬ ನಂಬಿಕೆ. ಸ್ಕ್ರೀನ್‌ಶಾಟ್ ತೆಗೆಯಬಹುದು, ಇನ್ನೊಂದು ಫೋನ್‌ನಿಂದ ಫೋಟೊ ಹಿಡಿಯಬಹುದು. ಹೀಗೆ ಉಳಿಸಿಕೊಂಡ ಚಿತ್ರ ತೋರಿಸಿ ಹೆದರಿಸಿ ಹಣ ಕೇಳುವವರಿದ್ದಾರೆ. ಒಬ್ಬರ ಖಾಸಗಿ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಕಲಂ ಪ್ರಕಾರ 3 ವರ್ಷದ ತನಕ ಜೈಲಾಗುವ ಅಪರಾಧ. 18 ತುಂಬದವರ ಅಶ್ಲೀಲ ಚಿತ್ರವಾದರೆ 67ಬಿ ಕಲಂ ಪ್ರಕಾರ ಮೊದಲ ಸಲಕ್ಕೇ 5 ವರ್ಷದ ತನಕ ಜೈಲು. "ನಾನು ಫಾರ್ವರ್ಡ್ ಮಾಡಿದ್ದು ಮಾತ್ರ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಮೂರನೆಯದು ಹಣದ ಬಲೆ. "ರೀಲ್ಸ್ ಲೈಕ್ ಮಾಡಿ ದಿನಕ್ಕೆ ಸಾವಿರ ಗಳಿಸಿ" ಎಂದು ಮೆಸೇಜ್ ಬರುತ್ತದೆ. ಟೆಲಿಗ್ರಾಂ ಗ್ರೂಪ್‌ಗೆ ಸೇರಿಸಿ ಮೊದಲು ನೂರಿನ್ನೂರು ಕೊಡುತ್ತಾರೆ, ಆಮೇಲೆ ‘ಡೆಪಾಸಿಟ್’ ಎಂದು ಸಾವಿರಗಟ್ಟಲೆ ನುಂಗುತ್ತಾರೆ. ಇನ್ನೂ ಅಪಾಯದ್ದು, "ನಿನ್ನ ಬ್ಯಾಂಕ್ ಅಕೌಂಟ್, ಎಟಿಎಂ ಕಾರ್ಡ್ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೇವೆ" ಎನ್ನುವುದು. ವಂಚನೆಯ ಹಣ ಆ ಖಾತೆಯಲ್ಲಿ ಓಡಾಡಿದರೆ ಖಾತೆ ಫ್ರೀಜ್ ಆಗುತ್ತದೆ, ಕೇಸು ಖಾತೆದಾರನ ಹೆಸರಿಗೆ ಬೀಳುತ್ತದೆ. ಬೇರೆ ರಾಜ್ಯದ ಪೊಲೀಸರು ಮನೆಬಾಗಿಲಿಗೆ ಬಂದಾಗ ಕಮಿಷನ್ ಕೊಟ್ಟವನ ನಂಬರ್ ಸ್ವಿಚ್ ಆಫ್. ಪಾಸ್‌ಪೋರ್ಟ್, ಗಲ್ಫ್ ಕೆಲಸದ ಕನಸು ಇರುವ ಹುಡುಗನಿಗೆ ಇದು ಬದುಕನ್ನೇ ಅಡ್ಡ ಹಾಕುವ ವಿಷಯ.

ಕಾನೂನು ಏನು ಹೇಳುತ್ತದೆ?

ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಎರಡರಲ್ಲೂ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸುವುದನ್ನೂ ತಡೆಯುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರಲಿವೆ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಇಂಥ ಖಾತೆಗಳನ್ನೇ ನಿರ್ಬಂಧಿಸಿದೆ.

ಮನೆಯಲ್ಲಿ ಮಾಡಬಹುದಾದದ್ದು

* ಮಗುವಿನ ಖಾತೆಯಲ್ಲಿ ಹುಟ್ಟಿದ ವರ್ಷ ಸರಿಯಾಗಿ ಹಾಕಿಸಿ. ಭಾರತದಲ್ಲಿ 2025ರಿಂದ ಇರುವ ಇನ್‌ಸ್ಟಾಗ್ರಾಂನ ‘ಟೀನ್ ಅಕೌಂಟ್’ ತಾನಾಗಿಯೇ ಪ್ರೈವೇಟ್ ಇರುತ್ತದೆ, ರಾತ್ರಿ 10ರಿಂದ ಬೆಳಗ್ಗೆ 7ರ ತನಕ ನೋಟಿಫಿಕೇಶನ್ ನಿಲ್ಲಿಸುತ್ತದೆ. ಸುಳ್ಳು ವಯಸ್ಸು ಹಾಕಿದರೆ ಈ ರಕ್ಷಣೆ ಸಿಗುವುದಿಲ್ಲ.
* ಸ್ನ್ಯಾಪ್ ಮ್ಯಾಪ್‌ನಲ್ಲಿ ‘ಘೋಸ್ಟ್ ಮೋಡ್’ ಹಾಕಿ. ಇಲ್ಲದಿದ್ದರೆ ಎಲ್ಲಿದ್ದಾರೆಂದು ಲಿಸ್ಟಿನಲ್ಲಿರುವವರಿಗೆ ಕಾಣಬಹುದು.
* ಎಲ್ಲ ಖಾತೆಗೂ ಎರಡು ಹಂತದ ಪಾಸ್‌ವರ್ಡ್ ಇರಲಿ.
* ಮಲಗುವಾಗ ಫೋನ್ ಚಾರ್ಜಿಗೆ ಹಾಕುವ ಜಾಗ ಮಲಗುವ ಕೋಣೆಯ ಹೊರಗಿರಲಿ. ಈ ನಿಯಮ ಉಪ್ಪ, ಉಮ್ಮನಿಗೂ ಇದ್ದರೆ ಮಾತ್ರ ನಡೆಯುತ್ತದೆ.
* ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ಕೇರಳ, ಕರ್ನಾಟಕ ಎರಡೂ ಕಡೆ ಇದೇ ನಂಬರ್. ಎಷ್ಟು ಬೇಗ ಹೇಳಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.
* ಖಾಸಗಿ ಚಿತ್ರ ಹರಿದಾಡುವ ಹೆದರಿಕೆ ಇದ್ದರೆ 18 ತುಂಬಿದವರಿಗೆ ‘ಸ್ಟಾಪ್‌ಎನ್‌ಸಿಐಐ’, ಚಿಕ್ಕವರಿಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಜಾಲತಾಣಗಳಿವೆ. ಚಿತ್ರವನ್ನು ಅಲ್ಲಿಗೆ ಕಳಿಸಬೇಕಾಗಿಲ್ಲ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ. ಮಕ್ಕಳ ಸಹಾಯವಾಣಿ 1098.
* ಮೊಬೈಲ್ ಬಿಡಲಾಗದೆ ನಿದ್ದೆ, ಓದು ಕೆಟ್ಟಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು ‘ಶಟ್’ ಕ್ಲಿನಿಕ್ ಇದೆ. ಕೇರಳ ಪೊಲೀಸರ ‘ಡಿ-ಡ್ಯಾಡ್’ ಕೇಂದ್ರಗಳು ಕಣ್ಣೂರು, ಕೋಝಿಕ್ಕೋಡ್ ಸೇರಿ ಕೆಲವು ನಗರಗಳಲ್ಲಿವೆ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಂದಿದೆ. ಫೋಟೊ ಹಿಡಿದು ಯಾರಾದರೂ ಹೆದರಿಸಿದಾಗ, ಹಣ ಕಳಕೊಂಡಾಗ ಮಕ್ಕಳು ಮೊದಲು ಮನೆಯಲ್ಲಿ ಹೇಳುವಂತಿರಬೇಕು. "ಮನೆಯವರಿಗೆ ಹೇಳ್ತೇನೆ" ಎಂಬ ಬೆದರಿಕೆಯನ್ನೇ ವಂಚಕರು ಬಂಡವಾಳ ಮಾಡಿಕೊಳ್ಳುವುದು. ಹೇಳಿದರೆ ಹೊಡೆಯುತ್ತಾರೆ, ಕಾಲೇಜು ಬಿಡಿಸುತ್ತಾರೆ ಎಂದು ಹೆದರಿದ ಹುಡುಗಿ ಕೇಳಿದಷ್ಟು ಹಣ ಕೊಡುತ್ತಾ ಹೋಗುತ್ತಾಳೆ. ಯುವಜನರೂ ಒಂದು ಸಣ್ಣ ಲೆಕ್ಕ ಮಾಡಬಹುದು. ಫೋನ್‌ನ ಸೆಟ್ಟಿಂಗ್ಸ್‌ಗೆ ಹೋದರೆ ವಾರಕ್ಕೆ ಎಷ್ಟು ಗಂಟೆ ಯಾವ ಆ್ಯಪ್‌ನಲ್ಲಿ ಕಳೆದಿದೆ ಎಂದು ಕಾಣುತ್ತದೆ. ಅದನ್ನೊಮ್ಮೆ ನೋಡಿ, ಅಷ್ಟು ಗಂಟೆಗೆ ತನಗೆ ಸಿಕ್ಕಿದ್ದೇನು ಎಂದು ಪಕ್ಕದಲ್ಲಿ ಬರೆದರೆ ಮುಂದಿನ ವಾರ ಎಷ್ಟು ಹೊತ್ತು ಕೊಡಬೇಕೆಂದು ತಾವೇ ತೀರ್ಮಾನಿಸಬಹುದು.