ಟೈರಿನ ಒಳಮಗ್ಗುಲು

ತುಮಕೂರು ಬಿಟ್ಟು ಶಿರಾ ಕಡೆಗೆ ಹೊರಟರೆ ಹೆದ್ದಾರಿಯಲ್ಲಿ ಕೋರ ಸಿಗುತ್ತದೆ. 2010ರಲ್ಲಿ ನಂಬರು ಬದಲಾಗಿ ರಸ್ತೆ 48 ಆದರೂ ಹಳಬರ ಬಾಯಲ್ಲಿ ಅದಿನ್ನೂ ಎನ್‌ಎಚ್ ಫೋರೇ. ಇಂಥ ದಾರಿಯ ಪಂಚರ್ ಅಂಗಡಿಗಳಲ್ಲಿ ಕೈ ಪಳಗಿದವರು ಟೈರನ್ನು ಕಣ್ಣಿನಲ್ಲಿ ನೋಡುವುದಕ್ಕಿಂತ ಅಂಗೈಯಲ್ಲಿ ನೋಡುವುದೇ ಹೆಚ್ಚು. ಹೊರ ಅಂಚಿನಿಂದ ಒಳಕ್ಕೆ ಕೈಯಾಡಿಸಿದಾಗ ನುಣುಪು, ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದ ಹಲ್ಲು ತಾಕಿದಂತಾದರೆ, ಚಕ್ರ ಮೂತಿಯನ್ನು ಒಳಕ್ಕೆ ತಿರುಗಿಸಿಕೊಂಡು ಓಡಿದೆ ಎಂದು ಅರ್ಥ. ಉಲ್ಟಾ ಆದರೆ ಹೊರಕ್ಕೆ. ‘ಅಲೈನ್‌ಮೆಂಟ್ ಔಟಾಗಿದೆ ಸಾರ್’ ಅನ್ನುವ ತೀರ್ಪಿಗೆ ಅಷ್ಟು ಸಾಕು.

ಈ ತೀರ್ಪು ಕೇಳಿಸತೊಡಗಿದ್ದು ರಸ್ತೆ ಒಳ್ಳೆಯದಾದ ಮೇಲೆ. ಅದೇ ತಮಾಷೆ. ಕೆಟ್ಟ ರಸ್ತೆಯಲ್ಲಿ ಟೈರು ಸವೆದು ಸಾಯುವುದು ಕಡಿಮೆ. ಕಲ್ಲು ಕೊಯ್ದು, ಗುಂಡಿಗೆ ಬಿದ್ದು, ಪಕ್ಕೆ ಒಡೆದು ಮೊದಲೇ ಹೋಗಿರುತ್ತದೆ. ಅಂಕುಡೊಂಕಾಗಿ ಸವೆಯಬೇಕಾದರೂ ಟೈರಿಗೆ ಒಂದಿಷ್ಟು ಆಯಸ್ಸು ಬೇಕು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶಿರಾ ಸೀಮೆಯಲ್ಲಿ ಸುತ್ತಾಡಿದಾಗ ಈ ಭಾಗದಲ್ಲಿ ಸರಕು ಸಾಗುತ್ತಿದ್ದುದು ಹೆಚ್ಚಾಗಿ ಹೇರೆತ್ತುಗಳ ಬೆನ್ನ ಮೇಲೆ. ಚಕ್ರಕ್ಕೆ ದಾರಿಯಾದದ್ದು ಮಾರ್ಕ್ ಕಬ್ಬನ್ ಕಮಿಷನರಾಗಿದ್ದ 1834ರಿಂದ 1861ರ ನಡುವೆ. ಆ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳಾದವು. ಆಗ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟಾಗಿ ತುಮಕೂರಿನಲ್ಲಿದ್ದವನು ಆರ್. ಎಸ್. ಡಾಬ್ಸ್. ಬೆಂಗಳೂರಿನಿಂದ ಬರುವಾಗ ಸಿಗುವ ಡಾಬಸ್‌ಪೇಟೆ ಅವನ ಹೆಸರೇ. ಇವತ್ತು ಅಲ್ಲಿ ಫ್ಲೈಓವರ್ ಮೇಲೆ ನೂರರ ವೇಗದಲ್ಲಿ ಹಾದುಹೋಗುವ ಕಾರಿನವರಿಗೆ ಅದೊಂದು ಬೋರ್ಡು ಮಾತ್ರ.

ರಸ್ತೆಯ ಹಿಂದೆಯೇ ಗಾಡಿ ಬಂತು. ಗಾಡಿ ಚಕ್ರ ಮಾಡುವುದು ಬಡಗಿ ಒಬ್ಬನ ಕೆಲಸವಾಗಿರಲಿಲ್ಲ. ಗುಂಬ, ಅರೆಕಾಲು, ಸುತ್ತಿನ ಮರ ಎಲ್ಲ ಬಡಗಿ ಜೋಡಿಸಿ ಕೊಟ್ಟರೆ, ಕಬ್ಬಿಣದ ಪಟ್ಟೆಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದಾಗಿ ಬೆಸೆಯುವುದು ಕಮ್ಮಾರನ ಲೆಕ್ಕ. ಪಟ್ಟೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳ ಹಿಡಿದು ಎತ್ತಿ ಚಕ್ರದ ಮೇಲೆ ಕೂರಿಸುತ್ತಾರೆ; ಮರ ಹೊಗೆಯಾಡುತ್ತಿದ್ದಂತೆ ಸುತ್ತಿಗೆಯ ಏಟು, ಕೊಡಗಟ್ಟಲೆ ನೀರು. ತಣ್ಣಗಾದ ಪಟ್ಟೆ ಕುಗ್ಗಿ ಇಡೀ ಚಕ್ರವನ್ನು ಹಿಂಡಿ ಹಿಡಿಯುತ್ತದೆ. ಆಮೇಲೆ ಗುಂಬದ ತೂತು ಅಗಲವಾಗದಂತೆ ಕೀಲೆಣ್ಣೆ, ಚಕ್ರ ಕಳಚದಂತೆ ಕಡಾಣಿ. ಅಚ್ಚು ತೇದು ಗುಂಬ ಸಡಿಲವಾದರೆ ಚಕ್ರ ತೂರಾಡುತ್ತದೆ, ಪಟ್ಟೆ ಒಂದು ಮಗ್ಗುಲು ತೆಳುವಾಗುತ್ತದೆ. ಟೈರಿನ ಒಳಮಗ್ಗುಲು ಬೋಳಾಗುವ ಕಥೆಯ ಮೊದಲ ಅಧ್ಯಾಯ ಇಲ್ಲೇ ಇದೆ.

ಕುಣಿಗಲ್ಲಿನ ಕುದುರೆ ಫಾರಂ ಕಂಡವರಿಗೆ ಇನ್ನೊಂದು ಅಧ್ಯಾಯವೂ ಗೊತ್ತು. ಓಟದ ಕುದುರೆಯ ಗೊರಸು ಒಂದು ಕಡೆ ಸವೆದರೆ ಭಾರ ವಾಲಿ ಕೀಲೇ ಕೆಡುತ್ತದೆ. ಲಾಳ ಹೊಡೆಯುವವನು ಮೊದಲು ಗೊರಸನ್ನು ಹೆರೆದು ಸಮ ಮಾಡಿಕೊಳ್ಳುವುದು ಅದಕ್ಕೇ.

ಯೂರೋಪಿನ ಸಾರೋಟು ಕಟ್ಟುವವರು ಚಕ್ರದ ಈ ಲೆಕ್ಕವನ್ನು ಇನ್ನಷ್ಟು ಮುಂದೆ ಒಯ್ದರು. ತಟ್ಟೆಯಂತೆ ಗುಳಿಬಿದ್ದ ಚಕ್ರ ಮಾಡಿ, ಅಚ್ಚಿನ ತುದಿಯನ್ನು ಕೆಳಕ್ಕೆ ಬಾಗಿಸಿದರು. ಆಗ ಚಕ್ರದ ತಲೆ ಹೊರಕ್ಕೆ ವಾಲಿ, ಭಾರ ಹೊರುವ ಕೆಳಗಿನ ಅರೆಕಾಲು ನೆಟ್ಟಗೆ ನಿಲ್ಲುತ್ತಿತ್ತು. ಇವತ್ತು ಕ್ಯಾಂಬರ್ ಅನ್ನುವುದು ಈ ವಾಲಿಕೆಗೇ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು, ಇಲ್ಲವಾದರೆ ಉಜ್ಜಿಕೊಂಡು ಹೋಗುತ್ತದೆ ಎಂದು ಕಂಡುಕೊಂಡು ಅದಕ್ಕೆ ತಕ್ಕ ಜೋಡಣೆ ಮಾಡಿದವನು ಮ್ಯೂನಿಕ್ಕಿನ ಲಾಂಕೆನ್‌ಸ್ಪೆರ್ಗರ್, 1817ರಲ್ಲಿ. ಮರುವರ್ಷ ಲಂಡನ್ನಿನಲ್ಲಿ ಅವನ ಪರವಾಗಿ ಪೇಟೆಂಟ್ ಪಡೆದ ಆಕರ್‌ಮನ್ ಹೆಸರೇ ಅದಕ್ಕೆ ಅಂಟಿತು. ಕೆಲಸ ಒಬ್ಬನದು, ಹೆಸರು ಇನ್ನೊಬ್ಬನದು.

1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ಮಾಡಿದ. ಅದು ನಮ್ಮ ಎತ್ತಿನ ಗಾಡಿಗೆ ಬಂದದ್ದು ಬಹಳ ತಡವಾಗಿ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್. ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಯನ್ನೇ ಹಟವಾಗಿ ಹಿಡಿದಿದ್ದರು. ಕಬ್ಬಿಣದ ಪಟ್ಟೆ ಎತ್ತಿನ ಹೆಗಲನ್ನೂ ರಸ್ತೆಯನ್ನೂ ತಿನ್ನುತ್ತದೆ ಎನ್ನುವುದು ಅವರ ದೂರುಗಳಲ್ಲೊಂದು. ಆ ಮಾತಿನಲ್ಲಿ ಒಂದು ಯುಗವೇ ಅಡಗಿದೆ: ಅಲ್ಲಿಯವರೆಗೆ ಚಕ್ರ ರಸ್ತೆಯನ್ನು ಸವೆಸುತ್ತಿತ್ತು, ಈಗ ರಸ್ತೆ ಚಕ್ರವನ್ನು ಸವೆಸುತ್ತದೆ. ಟೈರುಗಾಡಿ ಬಂದ ಮೇಲೆ ಊರಿನ ಕಮ್ಮಾರನ ಕುಲುಮೆಗೆ ಚಕ್ರದ ಕೆಲಸ ತಪ್ಪಿತು. ಲಾರಿ, ಕಾರಿನ ಹಳೇ ಟೈರಿಗೆ ಗಿರಾಕಿ ಹುಟ್ಟಿದ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಎಳೆಯುವುದೂ ತಿರುಗುವುದೂ ಮುಂದಿನ ಚಕ್ರಗಳೇ ಆದ್ದರಿಂದ ಮುಂದಿನ ಟೈರು ಬೇಗ ಸವೆಯುವ ಹೊಸ ಅನುಭವ ಮನೆಮನೆಗೆ ತಲುಪಿತು. ಟೈರು ಅದಲುಬದಲು ಮಾಡಿಸುವ ರೂಢಿಗೆ ಅರ್ಥ ಬಂದದ್ದು ಆಗಲೇ. 1999ರ ನಂತರ ಸುವರ್ಣ ಚತುಷ್ಪಥ ಯೋಜನೆಯಲ್ಲಿ ತುಮಕೂರು–ಶಿರಾ ದಾರಿ ಅಗಲವಾಗಿ, ವೇಗ ಏರಿತು. ಅದುವರೆಗೆ ದಾರ ಕಟ್ಟಿ, ಸೀಮೆಸುಣ್ಣದ ಗೆರೆ ಎಳೆದು, ಕೋಲು ಹಿಡಿದು ಚಕ್ರದ ಮುಂದಿನ ಅಂತರ, ಹಿಂದಿನ ಅಂತರ ಅಳೆಯುತ್ತಿದ್ದ ಕೆಲಸಕ್ಕೆ ಕಂಪ್ಯೂಟರ್, ಆಮೇಲೆ ಕ್ಯಾಮೆರಾ ಬಂದವು.

ಅಳತೆ ಅಷ್ಟು ಸೂಕ್ಷ್ಮ ಯಾಕಿರಬೇಕು? 600 ಮಿಲಿಮೀಟರ್ ಅಡ್ಡಳತೆಯ ಚಕ್ರವೊಂದು ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 3 ಮಿಲಿಮೀಟರಿನಷ್ಟು ಸೊಟ್ಟಗಿದೆ ಎನ್ನಿ. ಇನ್ನೂರಕ್ಕೆ ಒಂದು ಪಾಲು. ಲೆಕ್ಕದ ಪ್ರಕಾರ ಪ್ರತಿ ಕಿಲೋಮೀಟರಿಗೆ 5 ಮೀಟರ್ ಆ ಟೈರು ಉರುಳದೆ ಅಡ್ಡಕ್ಕೆ ತೇದುಕೊಂಡು ಹೋಗುತ್ತದೆ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಹೋಗಿಬಂದರೆ 700 ಮೀಟರ್ ಗಂಧ ತೇಯ್ದ ಹಾಗೆ.

ವೇಗದ ಕಾರಿನಲ್ಲಿ ಈ ಕಥೆಗೆ ಒಂದು ತಿರುವಿದೆ. ಅಲ್ಲಿ ಸೊಟ್ಟವನ್ನು ಬೇಕೆಂದೇ ಇಟ್ಟಿರುತ್ತಾರೆ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿ ಹೊರಗಿನ ಟೈರಿನ ಒಳಮಗ್ಗುಲು ನೆಲ ಬಿಡಲು ನೋಡುತ್ತದೆ. ಮೊದಲೇ ಚಕ್ರದ ತಲೆಯನ್ನು ಒಳಕ್ಕೆ ವಾಲಿಸಿಟ್ಟರೆ ಆ ಹೊತ್ತಿಗೆ ಇಡೀ ಟೈರು ನೆಲ ಹಿಡಿಯುತ್ತದೆ. ಸಾರೋಟಿನವರ ವಾಲಿಕೆ ಹೊರಕ್ಕೆ, ಇವರದು ಒಳಕ್ಕೆ. ದೇವರಾಯನದುರ್ಗದ ಸುತ್ತು ರಸ್ತೆ ಹತ್ತುವಾಗ ಇದು ವರ. ನೆಟ್ಟಗಿನ ಹೆದ್ದಾರಿಯಲ್ಲಿ ಒಳ ಅಂಚೇ ಭಾರ ಹೊತ್ತು ಬಿಸಿಯಾಗುತ್ತದೆ. 2011ರ ಆಗಸ್ಟಿನಲ್ಲಿ ಬೆಲ್ಜಿಯಂನ ಸ್ಪಾ ಫಾರ್ಮುಲಾ ಒನ್ ರೇಸಿನ ಮುನ್ನ ರೆಡ್ ಬುಲ್ ತಂಡ ಟೈರು ಕಂಪನಿ ಪಿರೆಲ್ಲಿ ಸೂಚಿಸಿದ 4 ಡಿಗ್ರಿಯನ್ನು ಮೀರಿ ಮುಂದಿನ ಚಕ್ರ ವಾಲಿಸಿತ್ತು. ಟೈರಿನ ಒಳ ಅಂಚಿನಲ್ಲಿ ಬೊಬ್ಬೆ ಎದ್ದವು. ತಂಡದ ಚಾಲಕ ವೆಟೆಲ್ ಗೆದ್ದ, ಆದರೆ ಇಡೀ ತಂಡ ಉಸಿರು ಬಿಗಿಹಿಡಿದು ಕೂತಿತ್ತು.

ವಾಲಿಕೆಗಿಂತ ಹೆಚ್ಚು ಟೈರು ತಿನ್ನುವುದು ಮೂತಿಯ ಸೊಟ್ಟ. ಎರಡೂ ಸೇರಿದರಂತೂ ಕೇಳುವುದೇ ಬೇಡ. ಕಾರನ್ನು ಕುಳ್ಳಗೆ ಮಾಡಲು ಗಿಡ್ಡ ಸ್ಪ್ರಿಂಗ್ ಹಾಕಿಸಿಕೊಳ್ಳುವ ಹುಡುಗರು ಎಡವುವುದು ಇಲ್ಲೇ. ಕಾರು ಇಳಿದ ಕೂಡಲೇ ವಾಲಿಕೆಯೂ ಮೂತಿಯೂ ಜಾಗ ಬದಲಿಸಿರುತ್ತವೆ, ಅಲೈನ್‌ಮೆಂಟ್ ಮಾತ್ರ ಮತ್ತೆ ಮಾಡಿಸಿರುವುದಿಲ್ಲ. ಇನ್ನು ಹಿಂದೆ ದಪ್ಪ, ಮುಂದೆ ಸಣ್ಣ ಟೈರಿರುವ ಕಾರಿನಲ್ಲಿ ಅದಲುಬದಲಿಗೂ ದಾರಿಯಿಲ್ಲ. ಬಾಣದ ಗುರುತಿನ ಟೈರಾದರೆ ಎಡದ್ದು ಬಲಕ್ಕೂ ಹೋಗದು. ಹೊರಗಿನಿಂದ ನೋಡಿದರೆ ಟೈರಿನ ಬಟನ್ ಚೆನ್ನಾಗಿಯೇ ಕಾಣುತ್ತದೆ, ಒಳಮಗ್ಗುಲಲ್ಲಿ ತಂತಿ ಇಣುಕುತ್ತಿರುತ್ತದೆ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಬಗ್ಗಿ ನೋಡದ ಹೊರತು ಗೊತ್ತಾಗದು. ಗಾಳಿಯ ತಪ್ಪುಗಳಾದರೆ ಸುಲಭ: ಕಡಿಮೆಯಾದರೆ ಎರಡೂ ಅಂಚು, ಹೆಚ್ಚಾದರೆ ನಡುಮಧ್ಯ.

ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ಇತ್ತೀಚಿನ ವರ್ಷಗಳಲ್ಲಿ ತುಮಕೂರಿನ ಸುತ್ತಲ ಮಣ್ಣುದಾರಿಗಳಲ್ಲೂ ನಡೆದಿದೆ. ಮಣ್ಣಿಗೆ ಬರುವಾಗ ತಂಡದವರು ಟಾರಿಗೆ ಇಟ್ಟಷ್ಟು ವಾಲಿಕೆ ಇಡುವುದಿಲ್ಲ. ಅಲ್ಲಿ ಕಾರು ಜಾರುತ್ತಲೇ ತಿರುಗಬೇಕು. ಸ್ಟೇಜಿನಿಂದ ಬಂದ ಕಾರನ್ನು ಜಾಕ್ ಮೇಲೆ ನಿಲ್ಲಿಸಿದ ಮೆಕ್ಯಾನಿಕ್ಕುಗಳು ಕಲ್ಲೇಟಿಗೆ ಟೈ ರಾಡ್ ಬಾಗಿದೆಯೇ ಎಂದು ನೋಡಿ, ಸಮಯವಿಲ್ಲದಾಗ ಕಾರಿನ ಉದ್ದಕ್ಕೂ ದಾರ ಕಟ್ಟಿ ಮೂತಿ ಸರಿಮಾಡುತ್ತಾರೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಸರಕು ಇಳಿಸಿ ಕೋರದ ಕಡೆಯಿಂದ ಹೆದ್ದಾರಿ ಸೇರುವ ಲಾರಿಗಳ ಮುಂದಿನ ಟೈರಿಗೂ ಬಹಳ ಕಾಲ ಅದೇ ದಾರವೇ ಗತಿಯಾಗಿತ್ತು. ಲಾರಿಯವರು ಒಂದು ಮಗ್ಗುಲು ಹೋದ ಟೈರನ್ನು ಕಳಚಿ, ರಿಮ್ಮಿನ ಮೇಲೆ ತಿರುಗಿಸಿ ಹಾಕಿ, ಇನ್ನೊಂದು ಮಗ್ಗುಲನ್ನೂ ಓಡಿಸಿ, ಕೊನೆಗೆ ಅದನ್ನು ಟೈರುಗಾಡಿಗೆ ಕೇಳಿಕೊಂಡು ಬಂದ ರೈತನಿಗೆ ಕೊಟ್ಟುಬಿಡುತ್ತಾರೆ.